ಸೋಡಾ ಗಾಳಿಯಲ್ಲಿ ಕರಗುವ ಸರಪಳಿ

(ಹಗರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ನಮ್ಮ ಕಡೆ ದತ್ತಿ ಉಪನ್ಯಾಸವೆಂದರೆ ವಚನ, ಇಲ್ಲವೇ ಜನಪದ, ಅದೂ ಇಲ್ಲವೆಂದರೆ ಹೊಯ್ಸಳ ಶಿಲ್ಪ. ಈ ಸಲ ರಸಾಯನಶಾಸ್ತ್ರ ಆಗಲಿ ಎಂದು ದತ್ತಿಯವರೇ ಹೇಳಿ ಕಳಿಸಿದಾಗ ನನಗೆ ಖುಷಿಗಿಂತ ಗಾಬರಿಯೇ ಹೆಚ್ಚಾಯಿತು. ‘ಸಾಂದ್ರ ಇಂಗಾಲದ ಡೈಆಕ್ಸೈಡಿನಲ್ಲಿ ಪಾಲಿಮರುಗಳ ಕರಗುವಿಕೆ ಮತ್ತು ರಾಸಾಯನಿಕ ರಚನೆ’ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾದದ್ದನ್ನು ನೋಡಿ ನನ್ನ ಅಕ್ಕ, “ಇದುನ್ನ ಕೇಳಕ್ಕೆ ಯಾರೋ ಬತ್ತಾರೆ?” ಅಂದಳು. ಬಂದಿದ್ದೀರಿ. ಅವಳೂ ಬಂದಿದ್ದಾಳೆ. ಆದ್ದರಿಂದ ಅವಳಿಗೆ ತಿಳಿಯುವ ಹಾಗೆ ಮಾತಾಡುವುದು ನನ್ನ ಮೇಲಿನ ಹೊಣೆ.

ಗೋಲಿ ಸೋಡಾದಿಂದ ಶುರು ಮಾಡುತ್ತೇನೆ. ಹೆಬ್ಬೆರಳಿನಲ್ಲಿ ಗೋಲಿ ಒತ್ತಿದರೆ ಕೀಚ್ ಎಂದು ಸದ್ದಾಗಿ ನೊರೆ ಉಕ್ಕುತ್ತದಲ್ಲ, ಆ ಗಾಳಿಯೇ ಇಂಗಾಲದ ಡೈಆಕ್ಸೈಡು. ಸೋಡಾದಲ್ಲಿ ನೀರು ಯಜಮಾನ, ಗಾಳಿ ನೆಂಟ. ನೀರಿನೊಳಗೆ ಗಾಳಿ ಕರಗಿ ಕೂತಿರುತ್ತದೆ. ನಾನು ಹೇಳಹೊರಟಿರುವುದು ಇದರ ತಿರುವುಮುರುವು. ಗಾಳಿಯೇ ಯಜಮಾನನಾಗಿ, ಅದರೊಳಗೆ ಬೇರೆ ವಸ್ತು ಕರಗುವುದು. ಅದೂ ಸಕ್ಕರೆ ಉಪ್ಪಿನಂಥ ಚಿಕ್ಕ ವಸ್ತುವಲ್ಲ. ಪ್ಲಾಸ್ಟಿಕ್ಕು, ಗೋಂದು, ರಬ್ಬರು.

ಗಾಳಿಯಲ್ಲಿ ಏನು ಕರಗೀತು ಎಂದು ನೀವು ಕೇಳಬಹುದು. ಹಾಗೇ ಬಿಟ್ಟ ಗಾಳಿಯಲ್ಲಿ ಏನೂ ಕರಗುವುದಿಲ್ಲ, ಒತ್ತಿದರೆ ಕರಗುತ್ತದೆ. ಬ್ಯಾಂಕಿನ ಗೋಡೆಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೂಗುಹಾಕಿರುತ್ತಾರೆ, ಕಪ್ಪು ಕೊಂಬು ಇರುವಂಥದ್ದು. 20 ಡಿಗ್ರಿ ಚಳಿಯ ದಿನ ಅದರೊಳಗೆ ಸುಮಾರು 57 ಬಾರ್ ಒತ್ತಡ ಇರುತ್ತದೆ. ಕಾರಿನ ಚಕ್ರದಲ್ಲಿ ಇರುವುದು ಎರಡು ಚಿಲ್ಲರೆ ಬಾರ್, ಹೋಲಿಸಿ ನೋಡಿ. ಆಗ ಸಿಲಿಂಡರಿನ ಕೆಳಗೆ ದ್ರವ, ಮೇಲೆ ಅನಿಲ, ನಡುವೆ ಒಂದು ಗೆರೆ. ಬಿಸಿಲು ಏರಿ 31.1 ಡಿಗ್ರಿ ದಾಟಿತೋ, ಆ ಗೆರೆ ಇರುವುದಿಲ್ಲ. ದ್ರವವೂ ಅಲ್ಲದ ಅನಿಲವೂ ಅಲ್ಲದ ಒಂದೇ ವಸ್ತು ಪಾತ್ರೆ ತುಂಬಿಕೊಂಡಿರುತ್ತದೆ. ಇಂಗಾಲದ ಡೈಆಕ್ಸೈಡಿನ ಕ್ರಾಂತಿಬಿಂದು ಇದು: 31.1 ಡಿಗ್ರಿ, 73.8 ಬಾರ್. ನೀರಿಗೆ ಇದೇ ಸ್ಥಿತಿ ಬರಬೇಕಾದರೆ 374 ಡಿಗ್ರಿ ಕಾಯಿಸಬೇಕು. ಇಂಗಾಲದ ಡೈಆಕ್ಸೈಡಿಗೆ ನಮ್ಮ ಏಪ್ರಿಲ್ ಮಧ್ಯಾಹ್ನವೇ ಸಾಕು. ಬೇಲೂರಿನ ಬ್ಯಾಂಕಿನ ಗೋಡೆಯ ಮೇಲೆ, ಯಾರಿಗೂ ಹೇಳದೆ, ವರ್ಷಕ್ಕೆ ಹಲವು ದಿನ ಈ ಪ್ರಯೋಗ ನಡೆದುಹೋಗುತ್ತದೆ.

ಇಂಥ ಸ್ಥಿತಿಯೊಂದಿದೆ ಎಂದು ಮೊದಲು ಗುರುತಿಸಿದವರು ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್, 1822ರಲ್ಲಿ. ಅವರು ಮುಚ್ಚಿದ ತುಪಾಕಿ ನಳಿಗೆಯಲ್ಲಿ ದ್ರವ ಮತ್ತು ಒಂದು ಗುಂಡು ಹಾಕಿ, ಕಾಯಿಸಿ, ಅಲ್ಲಾಡಿಸಿ, ಗುಂಡಿನ ಸದ್ದನ್ನು ಕಿವಿಗೊಟ್ಟು ಕೇಳಿದರು. ಒಂದು ಶಾಖದ ಮೇಲೆ ಸದ್ದು ಬದಲಾಯಿತು. ಇಂಗಾಲದ ಡೈಆಕ್ಸೈಡಿನ ಮೇಲೆಯೇ ಕೂತು ಅಳತೆ ಮಾಡಿ 1869ರಲ್ಲಿ ಪ್ರಕಟಿಸಿದವರು ಬೆಲ್‌ಫಾಸ್ಟಿನ ಥಾಮಸ್ ಆಂಡ್ರೂಸ್. ಇಂಥ ಒತ್ತಿದ ಅನಿಲದಲ್ಲಿ ಘನವಸ್ತುವೂ ಕರಗುತ್ತದೆ ಎಂದು 1879ರಲ್ಲಿ ಹ್ಯಾನೆ ಮತ್ತು ಹೊಗಾರ್ತ್ ತೋರಿಸಿದರು. ಚರಿತ್ರೆ ಇಷ್ಟು ಸಾಕು.

ಕ್ರಾಂತಿಬಿಂದುವಿನ ಆಚೆಗೆ ಇದರ ಸಾಂದ್ರತೆ ನಮ್ಮ ಕೈಯಲ್ಲಿರುತ್ತದೆ. 40 ಡಿಗ್ರಿಯಲ್ಲಿ 80 ಬಾರ್ ಒತ್ತಿದರೆ ಲೀಟರಿಗೆ ಸುಮಾರು 280 ಗ್ರಾಂ. 100 ಬಾರಿಗೆ ಅದು 630 ಗ್ರಾಂ ಆಗಿಬಿಡುತ್ತದೆ. 200ಕ್ಕೆ 840, 300ಕ್ಕೆ 910. ಹತ್ತಿರ ಹತ್ತಿರ ಕೊಬ್ಬರಿ ಎಣ್ಣೆಯ ತೂಕ! ಎಣ್ಣೆಯಷ್ಟು ತೂಕ ಬಂದರೂ ಹರಿಯುವುದರಲ್ಲಿ ನೀರಿಗಿಂತ ಎಷ್ಟೋ ತೆಳು. ಕೆಲಸ ಮುಗಿದ ಮೇಲೆ ತಿರುಪು ಸಡಿಲಿಸಿದರೆ ಬುಸ್ಸೆಂದು ಹೋಗಿಬಿಡುತ್ತದೆ, ಕರಗಿದ್ದ ವಸ್ತು ತಳದಲ್ಲಿ ಉಳಿಯುತ್ತದೆ. ಪೆಟ್ರೋಲು, ಟಾಲೀನು, ಕ್ಲೋರೋಫಾರ್ಮುಗಳಂತೆ ವಾಸನೆ ಇಲ್ಲ, ಅವುಗಳಂತೆ ವಸ್ತುವಿನಲ್ಲಿ ನಂಜಿನ ಅಂಶ ಉಳಿಸಿ ಹೋಗುವುದಿಲ್ಲ, ಬೆಂಕಿ ಹತ್ತುವ ಮಾತಂತೂ ಇಲ್ಲವೇ ಇಲ್ಲ.

ಇದರ ಉಪಯೋಗ ಮೊದಲು ದೊಡ್ಡದಾಗಿ ಕಂಡದ್ದು ನಮ್ಮ ನೆರೆಯ ಬೆಳೆಯಲ್ಲೇ. ಜರ್ಮನಿಯ ಕುರ್ಟ್ ಜೋಸೆಲ್ 1960ರ ದಶಕದಲ್ಲಿ ಹಸಿ ಕಾಫಿ ಬೀಜದಿಂದ ಕೆಫೀನನ್ನು ಈ ಗಾಳಿಯಲ್ಲಿ ಕರಗಿಸಿ ತೆಗೆಯುವ ಬಗೆ ಕಂಡುಕೊಂಡರು. ಬೀಜವನ್ನು ನೆನೆಸಿ, ತೇವವಿರುವಾಗಲೇ ಒತ್ತಿದ ಇಂಗಾಲದ ಡೈಆಕ್ಸೈಡನ್ನು ಹಾಯಿಸಿದರೆ ಕೆಫೀನ್ ಹೊರಟುಹೋಗುತ್ತದೆ, ಬೀಜ ಹಾಗೇ ಉಳಿಯುತ್ತದೆ. ಈ ‘ಹಾಗೇ ಉಳಿಯುತ್ತದೆ’ ಅನ್ನುವುದನ್ನು ದಯವಿಟ್ಟು ಗಮನಿಸಿ. ಬೀಜ ಯಾಕೆ ಕರಗಲಿಲ್ಲ? ಬೀಜದ ಮೈ ಇರುವುದೇ ಸೆಲ್ಯುಲೋಸಿನಂಥ ಉದ್ದುದ್ದ ಸರಪಳಿ ಅಣುಗಳಿಂದ, ಅಂದರೆ ಪಾಲಿಮರುಗಳಿಂದ. ಕೊಬ್ಬರಿಯಿಂದ ಎಣ್ಣೆ ಬರುವುದು, ಕಾಳುಮೆಣಸಿನಿಂದ, ಶುಂಠಿಯಿಂದ ಸಾರ ಬರುವುದು, ಚರಟ ಉಳಿಯುವುದು, ಎಲ್ಲಕ್ಕೂ ಇದೇ ಕಾರಣ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಸಂಬಾರ ಪದಾರ್ಥಗಳ ಮೇಲೆ ಈ ಕೆಲಸ ಮಾಡಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಿರಿಧರ್ ಮದ್ರಾಸ್ ಅವರ ತಂಡ ಯಾವ ಘನವಸ್ತು ಎಷ್ಟು ಒತ್ತಡಕ್ಕೆ ಎಷ್ಟು ಕರಗುತ್ತದೆ ಎಂದು ವರ್ಷಗಟ್ಟಲೆ ಅಳೆದು ಸೂತ್ರ ಕಟ್ಟಿತು. ಅಂದಮೇಲೆ ಇಂಗಾಲದ ಡೈಆಕ್ಸೈಡು ಹಲವು ಚಿಕ್ಕ ಅಣುಗಳಿಗೆ ಒಳ್ಳೆಯ ದ್ರಾವಕ, ಪಾಲಿಮರುಗಳಿಗೆ ತೀರ ಬಡ ದ್ರಾವಕ. ಈ ಬಡತನವೇ ಕಾಫಿಯವರಿಗೆ ಭಾಗ್ಯ. ಪ್ಲಾಸ್ಟಿಕ್ ಮಾಡುವವರಿಗೆ ಅದೇ ತಲೆನೋವು. ವಿಷದ ದ್ರಾವಕ ಬಿಟ್ಟು ಈ ಗಾಳಿಯಲ್ಲೇ ಪಾಲಿಮರ್ ತಯಾರಿಸಬೇಕು, ಬಣ್ಣ ಬಳಿಯಬೇಕು, ಔಷಧಿಗೆ ಹೊದಿಕೆ ಹಾಕಬೇಕು ಎನ್ನುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ: ಯಾವ ಸರಪಳಿ ಕರಗುತ್ತದೆ, ಯಾವುದು ಕರಗುವುದಿಲ್ಲ, ಯಾಕೆ?

ಸರಪಳಿಗೆ ಮೊದಲೇ ಒಂದು ತೊಂದರೆ ಇದೆ. ಸಕ್ಕರೆಯ ಅಣುಗಳನ್ನು ನೀರಿನಲ್ಲಿ ಬಿಟ್ಟರೆ ಒಂದೊಂದೂ ಒಂದೊಂದು ದಿಕ್ಕಿಗೆ ಹೋಗಬಹುದು. ಜಾತ್ರೆಗೆ ಬಂದ ಬಿಡಿ ಹುಡುಗರ ಹಾಗೆ. ಪಾಲಿಮರ್ ಎಂದರೆ ಸಾವಿರಾರು ಹುಡುಗರು ಕೈಕೈ ಹಿಡಿದುಕೊಂಡೇ ಜಾತ್ರೆ ಸುತ್ತುವುದು. ಬೆರೆತರೂ ಅವರಿಗೆ ಸಿಗುವ ಹೊಸ ಸ್ವಾತಂತ್ರ್ಯ ಅಷ್ಟಕ್ಕಷ್ಟೇ. ಸರಪಳಿ ಉದ್ದವಾದಷ್ಟೂ ಕರಗುವ ಲಾಭ ಕಡಿಮೆ. ಇನ್ನೊಂದು ಕಡೆ ಇಂಗಾಲದ ಡೈಆಕ್ಸೈಡಿನ ಸ್ವಭಾವ. ನಡುವೆ ಇಂಗಾಲ, ಎರಡು ಕಡೆ ಆಮ್ಲಜನಕ, ಮೂರೂ ಒಂದೇ ಗೆರೆಯಲ್ಲಿ, ನೇಗಿಲಿಗೆ ಕಟ್ಟಿದ ನೊಗದ ಹಾಗೆ. ಆಮ್ಲಜನಕಗಳೆರಡೂ ಎಲೆಕ್ಟ್ರಾನನ್ನು ತಮ್ಮ ಕಡೆ ಎಳೆಯುತ್ತವೆ. ಎರಡು ಎಳೆತವೂ ಸಮ ಆಗಿರುವುದರಿಂದ ಒಟ್ಟಿನಲ್ಲಿ ಅಣುವಿಗೆ ನೀರಿಗಿರುವಂಥ ಧ್ರುವತೆ ಇಲ್ಲ. ಆದರೆ ನಡುವಿನ ಇಂಗಾಲ ತುಸು ಧನ, ತುದಿಗಳು ತುಸು ಋಣ. ಹತ್ತಿರ ಹೋದವರಿಗೆ ಅದು ತಿಳಿಯುತ್ತದೆ. ಬಹಳ ವರ್ಷ ಇದನ್ನು ಪೆಟ್ರೋಲಿನ ಜಾತಿಯ ದ್ರಾವಕ ಎಂದೇ ಪುಸ್ತಕಗಳಲ್ಲಿ ಬರೆಯುತ್ತಿದ್ದರು. ನನಗೆ ಪಾಠ ಮಾಡಿದವರೂ ಹಾಗೇ ಹೇಳಿದ್ದರು. ಅದು ತಪ್ಪು. ಹಾಗಿದ್ದಿದ್ದರೆ ಪೆಟ್ರೋಲಿನ ನಂಟಸ್ತನದ ಪಾಲಿಎಥಿಲೀನ್, ನಮ್ಮ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್, ಇದರಲ್ಲಿ ಸುಲಭವಾಗಿ ಕರಗಬೇಕಿತ್ತು. ಅದು ಕರಗುವುದಿಲ್ಲ. ಕುದಿಯುವ ನೀರಿಗಿಂತ ಎಷ್ಟೋ ಹೆಚ್ಚು ಕಾಯಿಸಿ ಎರಡು ಸಾವಿರ ಬಾರ್ ಮೀರಿ ಒತ್ತಿದರೂ ಕರಗುವುದಿಲ್ಲ.

ಈಗ ಮೇಜಿನ ಮೇಲಿರುವುದನ್ನು ನೋಡಿ. ತೆಂಗಿನ ಕಡ್ಡಿ, ಜೇಡಿಮಣ್ಣಿನ ಉಂಡೆಗಳಿಂದ ನಿನ್ನೆ ರಾತ್ರಿ ನಾನು ಮಾಡಿಕೊಂಡು ಬಂದ ಎರಡು ಮಾದರಿ. (ಅಚ್ಚಿನಲ್ಲಿ ಓದುವವರು ಮನಸ್ಸಿನಲ್ಲೇ ಚಿತ್ರಿಸಿಕೊಳ್ಳಬೇಕು.) ಎಡಗಡೆಯದು ಪಾಲಿವಿನೈಲ್ ಅಸಿಟೇಟ್. ಹೆಸರು ಕೇಳಿ ಹೆದರಬೇಡಿ, ನಮ್ಮ ಆಚಾರಿಗಳು ಬಾಗಿಲು ಕಿಟಕಿಗೆ ಹಚ್ಚುವ ಬಿಳಿ ಗೋಂದಿನ ಜೀವಾಳ ಇದೇ. ಬಲಗಡೆಯದು ಪಾಲಿಮೀಥೈಲ್ ಅಕ್ರಿಲೇಟ್, ಬಣ್ಣ ಅಂಟುಗಳಲ್ಲಿ ಬರುವ ಅಕ್ರಿಲಿಕ್ ಕುಟುಂಬದ್ದು. ಮಕ್ಕಳೇ, ಉಂಡೆಗಳನ್ನು ಎಣಿಸಿ. ಎರಡರಲ್ಲೂ ಒಂದು ಕೊಂಡಿಗೆ ನಾಲ್ಕು ಇಂಗಾಲ, ಆರು ಜಲಜನಕ, ಎರಡು ಆಮ್ಲಜನಕ. ತೂಕದಲ್ಲಿ ಒಂದು ಗುಂಜಿಯೂ ವ್ಯತ್ಯಾಸವಿಲ್ಲ. ಎರಡರಲ್ಲೂ ಎಸ್ಟರ್ ಗುಂಪೇ ಇದೆ. ಆದರೂ ಗೋಂದಿನ ಸರಪಳಿ ಸುಮಾರು 600–700 ಬಾರ್ ಒತ್ತಡಕ್ಕೆ ಇಂಗಾಲದ ಡೈಆಕ್ಸೈಡಿನಲ್ಲಿ ಕರಗುತ್ತದೆ. ಅಕ್ರಿಲೇಟಿಗೆ 2000 ಬಾರಿಗೂ ಹೆಚ್ಚು ಬೇಕು. ಒಂದೇ ಸಾಮಾನು, ಒಂದೇ ಅಳತೆ, ಮೂರು ಪಟ್ಟು ವ್ಯತ್ಯಾಸ! 1990ರ ದಶಕದಲ್ಲಿ ಅಮೆರಿಕದ ಮಾರ್ಕ್ ಮೆಕ್‌ಹ್ಯೂ ಮತ್ತು ಸಂಗಡಿಗರು ಇಂಥ ಅಳತೆಗಳನ್ನು ಒಂದಾದ ಮೇಲೊಂದು ತೆಗೆದು ಪ್ರಕಟಿಸಿದಾಗ, ‘ಸಮಾನವಾದದ್ದು ಸಮಾನವಾದದ್ದರಲ್ಲಿ ಕರಗುತ್ತದೆ’ ಎಂಬ ಹಳೆಯ ಪಾಠ ಇಲ್ಲಿ ಸಾಲದು ಎಂದು ಎಲ್ಲರಿಗೂ ಗೊತ್ತಾಯಿತು.

ವ್ಯತ್ಯಾಸ ಎಲ್ಲಿದೆ? ಆ ಎಸ್ಟರ್ ಗುಂಪು ಯಾವ ಕಡೆ ಮುಖ ಮಾಡಿ ನಿಂತಿದೆ ಎಂಬುದರಲ್ಲಿ. ಇದಕ್ಕೆ ಹಗರೆಯಲ್ಲಿ ನಿಂತವನು ಉದಾಹರಣೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಒಂದು ಕಡೆ ಬೇಲೂರು, ಇನ್ನೊಂದು ಕಡೆ ಹಳೇಬೀಡು. ಹಳೇಬೀಡಿನ ಗೋಡೆಯ ಕೆಳಪಟ್ಟಿಕೆಯಲ್ಲಿ ಆನೆಗಳ ಸಾಲಿದೆ. ಚೆಲುವಾಗಿದೆ, ಆದರೆ ಆನೆ ಗೋಡೆಗೆ ಅಂಟಿಕೊಂಡೇ ಇದೆ. ಅದರ ಬೆನ್ನ ಹಿಂದೆ ಕೈ ಹಾಕಲಾಗದು. ಬೇಲೂರಿನ ಮದನಿಕೆ ಹಾಗಲ್ಲ. ಕಂಬದ ತಲೆಯಿಂದ ಆಚೆಗೆ ಚಾಚಿ, ಓರೆಯಾಗಿ, ಸುತ್ತ ಗಾಳಿ ಆಡುವಂತೆ ನಿಂತಿದ್ದಾಳೆ. ಕಲ್ಲು ಎರಡೂ ಕಡೆ ಅದೇ ಬಳಪದ ಕಲ್ಲು. ಗೋಂದಿನ ಸರಪಳಿಯಲ್ಲಿ ಕಾರ್ಬೊನಿಲ್, ಅಂದರೆ ಇಂಗಾಲಕ್ಕೆ ಜೋಡಿಬಂಧದಲ್ಲಿ ಅಂಟಿದ ಆಮ್ಲಜನಕ, ಬೆನ್ನೆಲುಬಿನಿಂದ ಒಂದು ಆಮ್ಲಜನಕದ ಕೊಂಡಿಯಾಚೆಗೆ ಮದನಿಕೆಯಂತೆ ಚಾಚಿಕೊಂಡಿದೆ. ಅಕ್ರಿಲೇಟಿನಲ್ಲಿ ಅದೇ ಕಾರ್ಬೊನಿಲ್ ಬೆನ್ನೆಲುಬಿಗೇ ನೇರ ಅಂಟಿದೆ, ಹಳೇಬೀಡಿನ ಆನೆಯಂತೆ. ಇಂಗಾಲದ ಡೈಆಕ್ಸೈಡಿನ ನಡುವಿನ ಧನ ಇಂಗಾಲ ಬಂದು ಕೈಹಿಡಿಯುವುದು ಈ ಕಾರ್ಬೊನಿಲ್ ಆಮ್ಲಜನಕವನ್ನೇ. 1996ರಲ್ಲಿ ಕಜಾರಿಯನ್ ಮತ್ತು ಜೊತೆಗಾರರು ಅವಗೆಂಪು ಬೆಳಕು ಹಾಯಿಸಿ ಈ ಕೈಹಿಡಿತಕ್ಕೆ ಸಾಕ್ಷಿ ಹಿಡಿದರು. ಚಾಚಿದ ಕೈಯನ್ನು ಹಿಡಿಯುವುದು ಸುಲಭ, ಗೋಡೆಗೆ ಅಂಟಿದ ಕೈಯನ್ನು ಹಿಡಿಯುವುದು ಕಷ್ಟ.

ಮದನಿಕೆಯ ಹೋಲಿಕೆ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಮದನಿಕೆ ಕಲ್ಲು, ಅಲುಗುವುದಿಲ್ಲ. ಅಣುವಿನ ಪಕ್ಕದ ಕೊಂಬೆ ಸದಾ ತಿರುಗುತ್ತ ಅದುರುತ್ತ ಇರುತ್ತದೆ, ಆ ತಿರುಗಾಟವೂ ಕರಗುವಿಕೆಗೆ ನೆರವು. ಹಾಗೆಂದು ಬರೀ ಮೆದುವಾಗಿದ್ದರೆ ಸಾಕೇ? ಸಾಲದು. ಅಕ್ರಿಲೇಟು ಗೋಂದಿಗಿಂತ ಮೆದು. ಸುಮಾರು 10 ಡಿಗ್ರಿಗೇ ಗಾಜಿನ ಬಿರುಸು ಬಿಟ್ಟು ರಬ್ಬರಿನಂತಾಗುತ್ತದೆ, ಗೋಂದಿಗೆ 30 ಡಿಗ್ರಿಗೂ ಮೇಲೆ ಬೇಕು. ಆದರೂ ಮೆದುವಾದದ್ದೇ ಕರಗಲು ಹಟ ಮಾಡುತ್ತದೆ. ಇನ್ನೂ ಒಂದು ಹೆಜ್ಜೆ ಹೋಗೋಣ: ಅಕ್ರಿಲೇಟಿನ ಬೆನ್ನೆಲುಬಿಗೆ ಒಂದೇ ಒಂದು ಮೀಥೈಲ್ ಗುಂಪು ಸೇರಿಸಿದರೆ ಅದು ಪಿಎಂಎಂಎ, ಗಾಜಿನ ಬದಲು ಬಳಸುವ ಅಕ್ರಿಲಿಕ್ ಹಾಳೆ. ಬೆನ್ನೆಲುಬು ಬಿಗಿಯಾಯಿತು, ಕಾರ್ಬೊನಿಲ್ಲಿಗೆ ಇನ್ನೊಂದು ಮರೆ ಬಂತು. 250 ಡಿಗ್ರಿ ಶಾಖ, 2500 ಬಾರ್ ಒತ್ತಡಕ್ಕೂ ಅದು ಜಗ್ಗುವುದಿಲ್ಲ.

ಕರಗುವುದಿಲ್ಲ ಅಂದೆ. ಇಲ್ಲಿ ನನ್ನದೇ ಒಂದು ಪೆದ್ದುತನದ ಕಥೆ ಬರುತ್ತದೆ. ನಾನು ಸಂಶೋಧನೆಗೆ ಸೇರಿದ ಹೊಸತು. ದಪ್ಪ ಉಕ್ಕಿನ ಪಾತ್ರೆ, ಅದಕ್ಕೆ ನೀಲಮಣಿಯ ಸಣ್ಣ ಕಿಟಕಿ. ಒಳಗೆ ಪಾಲಿಮರ್ ಹಾಕಿ, ಗಾಳಿ ತುಂಬಿ, ಒತ್ತಡ ಏರಿಸಿ ತಿಳಿಯಾಗುವವರೆಗೆ ಕಾಯುವುದು. ಆಮೇಲೆ ಒತ್ತಡ ಇಳಿಸುತ್ತ ಹೋಗುವುದು. ಒಂದು ಗಳಿಗೆಯಲ್ಲಿ ಕಿಟಕಿಯೊಳಗೆ ಮಜ್ಜಿಗೆ ಚೆಲ್ಲಿದಂತೆ ಎಲ್ಲ ಬೆಳ್ಳಗಾಗುತ್ತದೆ. ಅದೇ ಮೋಡಬಿಂದು, ಸರಪಳಿ ದ್ರಾವಕವನ್ನು ಬಿಟ್ಟು ತನ್ನವರ ಜೊತೆ ಗುಂಪುಗೂಡುವ ಕ್ಷಣ. ಮುಕ್ಕಾಲು ಪಾಲು ಕೆಲಸ ಕಾಯುವುದೇ. ಒಂದು ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಒತ್ತಡವನ್ನು ಒಂದೇ ಸಲಕ್ಕೆ ಬಿಟ್ಟುಬಿಟ್ಟೆ. ಬೆಳಿಗ್ಗೆ ಬಿಚ್ಚಿ ನೋಡಿದರೆ ರಬ್ಬರಿನ ಉಂಗುರ ಸೀಲು ಕಜ್ಜಿ ಎದ್ದಂತೆ ಗುಳ್ಳೆಗುಳ್ಳೆಯಾಗಿ ಬಿರಿದಿತ್ತು. ಆ ಉಂಗುರ ಗಾಳಿಯಲ್ಲಿ ಒಂದಿಷ್ಟೂ ಕರಗಿರಲಿಲ್ಲ. ಗಾಳಿಯೇ ಉಂಗುರದಲ್ಲಿ ಕರಗಿ ಕೂತಿತ್ತು, ಹೊರಗೆ ಬರಲು ಪುರುಸೊತ್ತು ಕೊಡದೆ ನಾನು ಬಾಗಿಲು ತೆಗೆದಿದ್ದೆ. ಗೋಲಿ ಸೋಡಾವೇ, ನೀರಿನ ಬದಲು ರಬ್ಬರು. ಪಾಲಿಮರು ಗಾಳಿಯೊಳಗೆ ಹೋಗದಿದ್ದರೂ ಗಾಳಿ ಪಾಲಿಮರಿನೊಳಗೆ ಹೋಗುತ್ತದೆ, ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ನನಗೆ ಉಂಗುರ ಹಾಳು ಮಾಡಿದ್ದು ಬೇರೆಯವರಿಗೆ ಕಸುಬಾಗಿದೆ: ಪ್ಲಾಸ್ಟಿಕ್ ನೊರೆ ತಯಾರಿಸುವುದು, ಪಾಲಿಎಸ್ಟರ್ ನೂಲನ್ನು ಉಬ್ಬಿಸಿ ಒಳಗೆ ಬಣ್ಣ ಹೊಗಿಸಿ, ಒತ್ತಡ ಬಿಟ್ಟು ಬಣ್ಣವನ್ನು ಅಲ್ಲೇ ಸೆರೆಹಿಡಿಯುವುದು. ಈ ಬಣ್ಣಗಾರಿಕೆಗೆ ನೀರೇ ಬೇಡ. ನೀರಿಗೆ ಬರವಿರುವ ಅರಸೀಕೆರೆ ಕಡೆಯಿಂದ ಬಂದವರಿಗೆ ಈ ಮಾತಿನ ಬೆಲೆ ನಾನು ಹೇಳಿಕೊಡಬೇಕಾಗಿಲ್ಲ.

ಸುಲಭವಾಗಿ ಕರಗುವ ಸರಪಳಿಗಳೂ ಇವೆ. ಸಿಲಿಕೋನ್ ಒಂದು. ಸಿಲಿಕಾನ್ ಆಮ್ಲಜನಕ ಒಂದಾದ ಮೇಲೊಂದು ಬರುವ ಇದರ ಬೆನ್ನೆಲುಬು ಎಷ್ಟು ಬಳುಕುತ್ತದೆಂದರೆ ಸೊನ್ನೆಗಿಂತ ನೂರಿಪ್ಪತ್ತು ಡಿಗ್ರಿ ಕೆಳಗೆ ಹೋದರೂ ಅದಕ್ಕೆ ಗಾಜಿನ ಬಿರುಸು ಬರುವುದಿಲ್ಲ. ಸರಪಳಿಗಳಿಗೆ ಒಂದನ್ನೊಂದು ತಬ್ಬುವ ಆಸೆಯೂ ಕಡಿಮೆ. ಅವುಗಳನ್ನು ಬಿಡಿಸಲು ಹೆಚ್ಚು ಬಲ ಬೇಡ, ಕೆಲವು ನೂರು ಬಾರ್ ಸಾಕು. ಇನ್ನೊಂದು ಫ್ಲೋರಿನ್ ಹಚ್ಚಿದ ಅಕ್ರಿಲೇಟು. ಆಗ ಬೈದ ಅಕ್ರಿಲೇಟಿಗೇ ಫ್ಲೋರಿನ್ ತುಂಬಿದ ಉದ್ದ ಬಾಲ ಕಟ್ಟಿದರೆ ಅದು ಸಿಲಿಕೋನಿಗಿಂತ ಚೆನ್ನಾಗಿ ಕರಗುತ್ತದೆ. 1992ರಲ್ಲಿ ಅಮೆರಿಕದ ಜೋಸೆಫ್ ಡಿಸಿಮೋನ್ ತಂಡ ಇಂಥ ಪಾಲಿಮರನ್ನು ಈ ಗಾಳಿಯಲ್ಲೇ ತಯಾರಿಸಿ, ಅದು ಕರಗಿಯೇ ಇರುವುದನ್ನು ತೋರಿಸಿತು. ಎರಡು ವರ್ಷದ ಮೇಲೆ ಅದೇ ಸರಪಳಿಯನ್ನು ದಳ್ಳಾಳಿಯಾಗಿ ನಿಲ್ಲಿಸಿ, ಕರಗದ ಪಿಎಂಎಂಎಯನ್ನೂ ಸಣ್ಣ ಸಣ್ಣ ಕಾಳಾಗಿ ಗಾಳಿಯಲ್ಲಿ ತೇಲಿಸಿ ಬೆಳೆಸಿತು. ಫ್ಲೋರಿನ್ ಇದ್ದರೆ ಸಾಕು ಎಂದು ತಿಳಿಯಬೇಡಿ: ದೋಸೆ ಕಾವಲಿಯ ಟೆಫ್ಲಾನ್ ಮೈತುಂಬ ಫ್ಲೋರಿನ್ನೇ, ಆದರೆ ಅದರ ಸರಪಳಿಗಳು ಸ್ಫಟಿಕವಾಗಿ ಒತ್ತೊತ್ತಾಗಿ ಜೋಡಿಸಿಕೊಂಡಿರುವುದರಿಂದ ಕರಗುವ ಮಾತೇ ಇಲ್ಲ.

ಫ್ಲೋರಿನ್ ದಾರಿಯ ಬಗ್ಗೆ ನನಗೆ ಮೊದಲಿನ ಉತ್ಸಾಹ ಉಳಿದಿಲ್ಲ. ದುಬಾರಿ ಎಂಬುದು ಒಂದು. ಮಣ್ಣು ನೀರಿನಲ್ಲಿ ಸೇರಿದರೆ ಕೊಳೆಯುವುದಿಲ್ಲ ಎಂಬುದು ಇನ್ನೂ ದೊಡ್ಡದು. ಇದೇ ವಂಶದ ಪರ್‌ಫ್ಲೋರೋಆಕ್ಟನೋಯಿಕ್ ಆಮ್ಲವನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಸೇರಿಸಿದರು. ಹಸಿರು ದ್ರಾವಕ ಎಂದು ಹೊರಟು ದ್ರಾವಕವನ್ನಷ್ಟೇ ಹಸಿರು ಮಾಡಿ ಕರಗುವ ವಸ್ತುವನ್ನು ನಂಜು ಮಾಡಿದರೆ ಅದು ಯಾವ ನ್ಯಾಯ?

ನನಗೆ ಹಿಡಿಸುವ ದಾರಿ 2000ದಲ್ಲಿ ಪಿಟ್ಸ್‌ಬರ್ಗಿನ ಎರಿಕ್ ಬೆಕ್‌ಮನ್ ತಂಡ ತೋರಿಸಿದ್ದು. ಬಳುಕುವ ಈಥರ್ ಸರಪಳಿ ತೆಗೆದುಕೊಂಡರು, ನಡುನಡುವೆ ಕಾರ್ಬೊನೇಟ್ ಕೊಂಡಿ ಹಾಕಿದರು. ಆ ಕಾರ್ಬೊನೇಟ್ ಬಂದದ್ದು ಇಂಗಾಲದ ಡೈಆಕ್ಸೈಡಿನಿಂದಲೇ, ಅಂದರೆ ದ್ರಾವಕವನ್ನೇ ಸರಪಳಿಯಲ್ಲಿ ನೇಯ್ದರು. ಫ್ಲೋರಿನ್ ಒಂದು ಹನಿ ಇಲ್ಲ, ಕರಗಲು ಬೇಕಾದ ಒತ್ತಡವೂ ಕಡಿಮೆ. ಆದರೆ ಕಾರ್ಬೊನೇಟ್ ಒಗ್ಗರಣೆಯಷ್ಟೇ ಇರಬೇಕು. ಕೈ ಹಿಡಿಯುವ ಗುಂಪುಗಳು ಅತಿಯಾದರೆ ಸರಪಳಿಗಳು ದ್ರಾವಕವನ್ನು ಬಿಟ್ಟು ತಮ್ಮತಮ್ಮಲ್ಲೇ ಕೈ ಹಿಡಿದುಕೊಂಡು ಗಟ್ಟಿಯಾಗಿಬಿಡುತ್ತವೆ. ಎರಡು ವರ್ಷದ ನಂತರ ರವೀಂದ್ರನ್ ಮತ್ತು ವಾಲೆನ್ ಸಕ್ಕರೆಯ ಮೇಲೆ ಇದೇ ತರ್ಕ ಹೂಡಿದರು. ಬರೀ ಸಕ್ಕರೆ ಈ ಗಾಳಿಯಲ್ಲಿ ಕರಗುವುದಿಲ್ಲ, ಅದರ ಹೈಡ್ರಾಕ್ಸಿಲ್ ಗುಂಪುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿವೆ. ಆ ಒಂದೊಂದು ಕೈಗೂ ಅಸಿಟೇಟಿನ ಬಳೆ ತೊಡಿಸಿದರೆ, ಅದೇ ಬಿಳಿ ಗೋಂದಿನ ಅಸಿಟೇಟು, ಸಕ್ಕರೆಯೂ ಕರಗುತ್ತದೆ. ಕಬ್ಬಿನ ನಾಡಿನ ನಮಗೆ ಇದರಲ್ಲಿ ಕುತೂಹಲವಿರಬೇಕು.

ಉದ್ದವಾದ, ಅಗ್ಗದ, ಫ್ಲೋರಿನ್ ಇಲ್ಲದ, ಬೆಂಕಿ ಆರಿಸುವ ಸಿಲಿಂಡರಿನಷ್ಟೇ ಒತ್ತಡಕ್ಕೆ ಕರಗುವ ಪಾಲಿಮರ್ ನನ್ನ ಪ್ರಯೋಗಾಲಯದ ದಿನಗಳಲ್ಲಿ ನನಗೆ ಸಿಗಲಿಲ್ಲ. ಗೋಂದು ಹತ್ತಿರ ಬಂದಿತ್ತು, ಆದರೆ 600 ಬಾರ್ ತಡೆಯುವ ಪಾತ್ರೆಯ ಬೆಲೆಗೆ ನಮ್ಮೂರಲ್ಲಿ ಒಂದು ಮನೆಯೇ ಬರುತ್ತದೆ.

ಕೊನೆಗೆ ದತ್ತಿಯವರಲ್ಲಿ ಒಂದು ಅರಿಕೆ. ನನಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ, ದೊಡ್ಡ ಮನಸ್ಸು. ಮುಂದಿನ ವರ್ಷ ದತ್ತಿಯ ಬಡ್ಡಿಯಲ್ಲಿ ಇವುಗಳ ಖರ್ಚು ಉಳಿಸಿ, ಬಣ್ಣದ ಉಂಡೆ ಮತ್ತು ಕಡ್ಡಿಗಳಿರುವ ಅಣುಮಾದರಿಯ ಒಂದು ಪೆಟ್ಟಿಗೆ ಈ ಮಕ್ಕಳಿಗೆ ತರಿಸಿಕೊಡಿ. ನನ್ನ ಜೇಡಿಮಣ್ಣಿನ ಮಾದರಿ ಸಂಜೆಯೊಳಗೆ ಒಣಗಿ ಉದುರುತ್ತದೆ. ಆ ಪೆಟ್ಟಿಗೆ ಬಂದಮೇಲೆ, ಮಕ್ಕಳೇ, ಮೊದಲು ಗೋಂದಿನ ಕೊಂಡಿ ಕಟ್ಟಿ. ಆಮೇಲೆ ಒಂದು ಉಂಡೆಯನ್ನೂ ಸೇರಿಸದೆ, ತೆಗೆಯದೆ, ಅದನ್ನೇ ಬಿಚ್ಚಿ ಅಕ್ರಿಲೇಟು ಮಾಡಿ ನೋಡಿ.